ಚಿತ್ರದಲ್ಲಿಲ್ಲದ ಕಂಬಿ

"ಅಜ್ಜಿ, ಸ್ವಲ್ಪ ಒಳಗೆ ಹೋಗ್ತೀರಾ? ಆ ಸೀನ್‌ನಲ್ಲಿ ನೀವಿಲ್ಲ."

ತನ್ನ ಮನೆಯ ಹೊಸ್ತಿಲಲ್ಲೇ ನಿಂತಿದ್ದ ಫುಸಾಯೆ ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಕೇಳಿದವಳು ಟೋಕಿಯೊದಿಂದ ಬಂದ ಹುಡುಗಿ. ಕೇಳುವ ಮೊದಲೂ ತಲೆಬಾಗಿ ವಂದಿಸಿದ್ದಳು, ಕೇಳಿದ ಮೇಲೂ ವಂದಿಸಿದಳು. ಬಾಯಿ ಮಾಡುವುದಕ್ಕೂ ಆಗದಷ್ಟು ಮರ್ಯಾದಸ್ಥರು ಇವರು, ಅದೇ ದೊಡ್ಡ ಪೀಡೆ. ಟಿ.ವಿ.ಯ ಯಾವುದೋ ಆನಿಮೆಗೆ, ಅಂದರೆ ಕಾರ್ಟೂನ್ ಕಥೆಗೆ, ಯಾರೋ ಅವಳ ಮನೆಗೆ ಹತ್ತುವ ಈ ಕಲ್ಲಿನ ಮೆಟ್ಟಿಲುಗಳನ್ನೇ ನೋಡಿ ಚಿತ್ರ ಬರೆದಿದ್ದರು. ಕಥೆಯ ನಾಯಕಿ ಇಲ್ಲೇ ಕೂತು ಅತ್ತಳಂತೆ. ಅಂದಿನಿಂದ ಭಾನುವಾರ ಬಂತೆಂದರೆ ಬೆಟ್ಟದ ಬುಡದಿಂದ ಅಜ್ಜಿಯ ಬಾಗಿಲವರೆಗೆ ಅದರ ಅಭಿಮಾನಿಗಳ ಸಾಲು. ಒಬ್ಬೊಬ್ಬರಾಗಿ ಅದೇ ಮೆಟ್ಟಿಲ ಮೇಲೆ ಕೂರುತ್ತಾರೆ, ಅದೇ ರೀತಿ ಕತ್ತು ಬಾಗಿಸುತ್ತಾರೆ, ಫೋಟೋ ತೆಗೆಸಿಕೊಂಡು ಆನಿಮೆಯ ಚಿತ್ರಕ್ಕೆ ಸರಿಹೋಯಿತೇ ಎಂದು ಹೋಲಿಸಿ ನೋಡುತ್ತಾರೆ.

ಇವತ್ತೂ ಭಾನುವಾರವೇ, ಆದರೆ ಅಜ್ಜಿ ಒಳಗೆ ಹೋಗುವ ಹಾಗಿರಲಿಲ್ಲ. ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಗಂಡ ಟೊಕುಜಿ ಮನೆಗೆ ಬರುವ ದಿನ. ಅವನು ಬಿದ್ದದ್ದೂ ಇದೇ ಮೆಟ್ಟಿಲಲ್ಲಿ. ಮನೆಗೆ ಬೇರೆ ದಾರಿಯಿಲ್ಲ. ಹಿಡಿದುಕೊಳ್ಳಲು ಒಂದು ಕಬ್ಬಿಣದ ಕಂಬಿ ಹಾಕಿಸಿ ಎಂದು ಬೀದಿಯ ಸಂಘದವರಿಗೆ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು.

ಸಂಘದ ಅಧ್ಯಕ್ಷ ಇಶಿಗುರೊ ತೋಳಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಸಾಲು ಸರಿಮಾಡುತ್ತಿದ್ದ. ಕೆಳಗಿನ ಹೂರಣದ ಬನ್ನಿನ ಅಂಗಡಿ ಅವನದೇ.

"ಇಶಿಗುರೊ ಅವರೇ, ಕಂಬಿ ಏನಾಯ್ತು?"

"ಎಷ್ಟು ಸಲ ಹೇಳ್ಲಿ ಅಮ್ಮಾ? ಆನಿಮೆಯಲ್ಲಿ ಕಂಬಿ ಇಲ್ಲ. ಇಲ್ಲದ್ದನ್ನ ಹಾಕಿದ್ರೆ ಇವರು ಬರ್ತಾರಾ? ಬೀದೀಲಿರೋ ಅಂಗಡಿಗಳೆಲ್ಲ ಮತ್ತೆ ಬಾಗಿಲು ಹಾಕ್ಕೋಬೇಕು."

"ನನ್ನ ಗಂಡ ಚಿತ್ರದಲ್ಲಿರೋ ಮನುಷ್ಯ ಅಲ್ಲ ಕಣಪ್ಪಾ! ಬಿದ್ರೆ ಮೂಳೆ ಮುರಿಯುತ್ತೆ!"

"ಗೊತ್ತಮ್ಮ, ಗೊತ್ತು. ಸಂಘ ಏನು ಸುಮ್ನೆ ಕೂತಿಲ್ಲ. ಎರಡನೇ ಭಾಗ ಬರ್ತಿದೆಯಲ್ಲ, ಅದರಲ್ಲಿ ಒಂದು ಕಂಬಿ ಬರೀರಿ ಅಂತ ಆನಿಮೆಯವರನ್ನ ಕೇಳ್ಕೊಂಡಿದೀವಿ. ಅವರು ಬರೆದ ಮಾರನೇ ದಿನವೇ ನಾವು ಹಾಕಿಸ್ತೀವಿ."

ಅಜ್ಜಿ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಕೆಳಗೆ ಟ್ಯಾಕ್ಸಿ ಬಂದು ನಿಂತಿತು. ಅವಳು ಗೋಡೆ ಹಿಡಿದು ದಡದಡನೆ ಇಳಿದಳು. ಟೊಕುಜಿ ಕೋಲೂರಿ ನಿಂತು ಮೇಲಕ್ಕೆ ನೋಡಿದ. ಒಂದು ಕಾಲು ಮೆಟ್ಟಿಲಿಗೆ ಇಟ್ಟವನು ಹಿಂದಕ್ಕೆ ತೆಗೆದುಕೊಂಡ. ಒಂದು ಕಾಲದಲ್ಲಿ ಅಕ್ಕಿಮೂಟೆ ಹೊತ್ತು ಇದನ್ನೇ ಹತ್ತುತ್ತಿದ್ದ ಮನುಷ್ಯನ ಮುಖ ಬಿಳಿಚಿಕೊಂಡಿತು.

"ಆಗಲ್ಲ ಕಣೇ. ನನ್ನ ವಾಪಸ್ ಆಸ್ಪತ್ರೆಗೇ ಕಳಿಸಿಬಿಡು."

ಅಜ್ಜಿಯ ಸಹನೆ ಅಲ್ಲಿಗೆ ಮುಗಿಯಿತು. ಸಾಲಿನ ಕಡೆ ತಿರುಗಿ ಗದರಿದಳು. "ಏಯ್, ಕೇಳಿಸ್ಕೊಳ್ಳಿ ಎಲ್ಲ! ಸುಮ್ನೆ ತಾನೇ ನಿಂತಿದೀರಿ? ಮೆಟ್ಟಿಲಿಗೊಬ್ಬರಂತೆ ಈ ಪಕ್ಕ ಒತ್ತಿ ನಿಂತ್ಕೊಳ್ಳಿ. ಯಾರೂ ಅಲ್ಲಾಡಬಾರದು!"

ಸಾಲು ನಿಲ್ಲುವುದನ್ನು ಅವರಿಗೆ ಹೇಳಿಕೊಡಬೇಕೇ? ಕ್ಷಣದಲ್ಲಿ ಹೆಗಲಿಗೆ ಹೆಗಲು ಸಾಲಾಯಿತು. ಟೊಕುಜಿ ಮೊದಲನೆಯವನ ಹೆಗಲು ಹಿಡಿದು ಒಂದು ಕಾಲಿಟ್ಟ. ಮುಂದಿನವಳ ಹೆಗಲು, ಇನ್ನೊಂದು ಕಾಲು. ಅಜ್ಜಿ ಹಿಂದಿನಿಂದ ಅವನ ಸೊಂಟಕ್ಕೆ ಕೈಕೊಟ್ಟು, "ನಿಧಾನ, ನಿಧಾನ ರೀ" ಎನ್ನುತ್ತಾ ಬಂದಳು. ಟೋಕಿಯೊದ ಹುಡುಗಿ ಅವನ ಭಾರಕ್ಕೆ ವಾಲಿದರೂ ಹಲ್ಲು ಕಚ್ಚಿ ನಿಂತಳು. ಅವನು ಕೊನೆಗೂ ಹೊಸ್ತಿಲ ಮೇಲೆ ಕುಸಿದು ಕೂತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿಯ ಕಣ್ಣಲ್ಲಿ ನೀರು ಬಂತು, ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಇಶಿಗುರೊ. "ನೋಡಿದ್ರಾ ಅಮ್ಮಾ? ಇಷ್ಟಕ್ಕೆಲ್ಲ ಕಂಬಿ ಯಾಕೆ ಬೇಕು ಹೇಳಿ!"

ಟೊಕುಜಿ ಏದುಸಿರು ಬಿಡುತ್ತಾ ಹೆಂಡತಿಯ ಮುಖ ನೋಡಿದ. "ಹತ್ತಿಸಿದ್ದೇನೋ ಹತ್ತಿಸ್ದೆ. ನಾಳೆ ಡಾಕ್ಟರ್ ಬಾ ಅಂದಿದಾರಲ್ಲೇ, ಇಳಿಯೋದು ಹೇಗೆ?"

ಫುಸಾಯೆ ಕೆಳಗೆ ನೋಡಿದಳು. ಹುಡುಗ ಹುಡುಗಿಯರು ಮತ್ತೆ ಫೋನು ಎತ್ತಿಕೊಂಡಿದ್ದರು.

"ನಾಳೆ ಆಗಲ್ಲ ರೀ. ಮುಂದಿನ ಭಾನುವಾರ. ಅದೂ ಮಳೆ ಬರದಿದ್ರೆ."