ಫೋಟೊದ ಮೂಲೆಯ ಬಂಡೆ

ನಮ್ಮ ಕೊಳ್ಳೇಗಾಲದ ಮನೆಗೆ ಬಂದವರೆಲ್ಲ ಹಜಾರದ ಗೋಡೆಯ ಮೇಲಿರುವ ಬೆಟ್ಟದ ಫೋಟೊ ನೋಡಿ ಬೆರಗಾಗುತ್ತಾರೆ. ಅದರ ಕೆಳಮೂಲೆಯ ಕಪ್ಪು ಗುಪ್ಪೆಯನ್ನು ಬಂಡೆ ಅಂದುಕೊಳ್ಳುತ್ತಾರೆ.

ಆ ಮಧ್ಯಾಹ್ನ ಯಳಂದೂರಿನಿಂದ ಬಾಡಿಗೆ ಕಾರು ಮಾಡಿಕೊಂಡು ಬಿಳಿಗಿರಿರಂಗನ ಬೆಟ್ಟದ ಹಾಡಿಯೊಂದಕ್ಕೆ ಹೋಗಿದ್ದೆವು. ಕಾಡೆಲ್ಲ ಚಿಗುರಿತ್ತು. ಗುಡ್ಡದ ಒಂದು ಮಗ್ಗುಲು ಕೆಂಪಗೆ, ಇನ್ನೊಂದು ತಿಳಿಹಸಿರು, ನಡುನಡುವೆ ತಾಮ್ರದ ಬಣ್ಣ. ಅಪ್ಪ ಕಾರಿನ ಬಳಿ ನಿಂತು ಒಂದೇ ಸಮನೆ ಫೋಟೊ ತೆಗೆಯುತ್ತಿದ್ದರು. ನಾನೂ ಅಮ್ಮನೂ ಜೇನು ಮಾರುವ ಸೋಲಿಗರ ಅಜ್ಜಿಯೊಬ್ಬಳ ಜೊತೆ ಬಯಲಲ್ಲಿ ನಿಂತಿದ್ದೆವು.

ಆಗ ಹತ್ತಿರದ ಮರದ ಹೆಜ್ಜೇನು ಗೂಡಿಗೆ ಹದ್ದು ಎರಗಿತು. ಗುಂಯ್ ಅನ್ನುವ ಸದ್ದು ನಮ್ಮ ಕಡೆಗೇ ಬಂತು.

"ಓಡ್ಬ್ಯಾಡ ಕಣವ್ವಾ, ಕುಂತ್ಕೋ!" ಅಂದವಳೇ ಅಜ್ಜಿ ಅಮ್ಮನ ಜಡೆಯ ಮಲ್ಲಿಗೆಯನ್ನು ಕಿತ್ತು ದೂರ ಎಸೆದಳು. ಹೆಗಲ ಮೇಲಿದ್ದ ಕರಿಕಂಬಳಿಯನ್ನು ನಮ್ಮಿಬ್ಬರ ಮೇಲೆ ಕವುಚಿ, ತಾನು ಪೊದೆಯೊಳಗೆ ನುಸುಳಿದಳು.

ಕಂಬಳಿ ಹೊಗೆ ನಾರುತ್ತಿತ್ತು, ಕೆನ್ನೆಗೆ ಚುಚ್ಚುತ್ತಿತ್ತು. ಅದರ ಮೇಲೆ ಮಳೆ ಹನಿದಂತೆ ಟಪಟಪ ಬೀಳುತ್ತಿದ್ದವು ಹುಳ. ಭಯಕ್ಕೆ ನನ್ನ ಚಡ್ಡಿ ಒದ್ದೆಯಾಯಿತು.

"ಅಪ್ಪ ಎಲ್ಲವ್ವಾ?"

"ಸುಮ್ನಿರು ಮಗಾ, ಬತ್ತಾರೆ."

ಅಮ್ಮನ ಒಂದು ಕೈ ನನ್ನನ್ನು ಅವುಚಿಕೊಂಡಿತ್ತು. ಇನ್ನೊಂದು ಕೈ ಹೊರಗಿನಿಂದ ಕಂಬಳಿಯ ಅಂಚನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅವಳು ಆಗಾಗ ಬೆಚ್ಚುತ್ತಿದ್ದಳು, ಆದರೆ ಕೂಗಲಿಲ್ಲ.

ಸದ್ದು ಅಡಗಿದ ಮೇಲೆ ಕಂಬಳಿ ಸರಿಸಿದೆವು. ಅಮ್ಮನ ಆ ಕೈ ಊದಿ ಬಳೆ ಬಿಗಿದುಕೊಂಡಿತ್ತು. ರಸ್ತೆಯಲ್ಲಿ ಕಾರು ನಿಂತಿತ್ತು, ಗಾಜು ಪೂರ್ತಿ ಏರಿತ್ತು. ಗಾಜಿನ ಹಿಂದೆ ಅಪ್ಪನ ಕ್ಯಾಮೆರಾ ಇನ್ನೂ ನಮ್ಮ ಕಡೆಗೇ ತಿರುಗಿತ್ತು.