ಹಗಲಿನ ನೆಂಟ

ಸಾರಿಗೆ ಉಪ್ಪು ಸಾಲದು ಎನ್ನುವುದರಾಚೆ ಹೆಂಡತಿಯೊಡನೆ ಮಾತಾಡಿ ಗೊತ್ತಿರದ ಗುರುಮಲ್ಲಪ್ಪನವರು, ಲಾಕ್‌ಡೌನಿಗೆ ಪಾತ್ರೆ ಅಂಗಡಿ ಮುಚ್ಚಿ, ಹಗಲಿಡೀ ಮನೆಯಲ್ಲೇ ಉಳಿಯಬೇಕಾಯಿತು. ಮರೆವಿನ ಕಾಯಿಲೆಯ ಹೆಂಡತಿ ಅವರನ್ನು ಯಾರೋ ನೆಂಟರೆಂದುಕೊಂಡು, ಅಡುಗೆಮನೆಯಲ್ಲಿ ಕುರ್ಚಿ ಹಾಕಿ, ಕಾಫಿ ಕೊಟ್ಟು, ನಕ್ಕು ನಕ್ಕು ಹರಟಿದಳು.

“ನಾನೇ ಕಣೇ ನಿನ್ನ ಗಂಡ.”

“ಸುಮ್ನಿರಿ. ನಮ್ಮ ಯಜಮಾನ್ರು ಹಗಲೊತ್ತು ಮನೇಲಿರ್ತಾರಾ? ಇದ್ರೂ ಹಿಂಗೆ ಕೂತು ಮಾತಾಡ್ತಾರಾ?”

ಗಂಡನೆಂಬ ಪಟ್ಟವೇ ಕೈತಪ್ಪಿತಲ್ಲ ಎಂದು ಕುದಿದ ಅವರು, ಸಂಜೆ ಹಿತ್ತಲಿನಿಂದ ಸುತ್ತಿಬಂದು, ಅಂಗಡಿಯ ಚೀಲ ಹಿಡಿದು ಮುಂಬಾಗಿಲು ಬಡಿದರು.

ತೆರೆದವಳು ನಗು ನುಂಗಿ, ಸೆರಗು ಹೊದ್ದು, “ಬಂದ್ರಾ?” ಎಂದಳು. ಕೊನೆಗೂ ಗುರುತು ಹಿಡಿದಳೆಂದು ಅವರು ಬೀಗಿದರು.

ಅವಳು ಅಡುಗೆಮನೆಗೆ ಓಡಿ, ಖಾಲಿ ಕುರ್ಚಿಗೆ ಪಿಸುಗುಟ್ಟಿದಳು: “ಅವ್ರು ಬಂದ್ಬಿಟ್ರು. ಹಿತ್ತಲ ಬಾಗಿಲಿಂದ ಹೋಗ್ಬಿಡಿ. ನಾಳೆ ಬೇಗ ಬನ್ನಿ.”