ಬರ್ರಿ, ಒಳಗ ಬರ್ರಿ

ಸೀರೆ ಅಂಗಡಿಯ ಹಳೆಯ ವೆಬ್‌ಸೈಟ್ ತೆರೆದೊಡನೆ "ಬರ್ರಿ, ಒಳಗ ಬರ್ರಿ" ಎಂದು ಹೆಣ್ಣುದನಿಯೊಂದು ಕರೆಯುತ್ತಿತ್ತು. ಹೊಸದನ್ನು ರೂಪಿಸಿದ ಸುಚೇತಾ ಮೊದಲು ಕಿತ್ತುಹಾಕಿದ್ದೇ ಅದನ್ನು.

"ಈಗಿನ ಗಿರಾಕಿಗಳಿಗೆ ತಾನಾಗೇ ಸದ್ದು ಬಂದ್ರೆ ಕಿರಿಕಿರಿ, ಸರ್," ಎಂದು ಯಜಮಾನ ಕೊಟ್ರಪ್ಪನವರಿಗೆ ಹೆಮ್ಮೆಯಿಂದ ವಿವರಿಸಿದಳು. "ಸೈಟಿನ ದಾಖಲೆ ನೋಡಿದೆ, ಒಬ್ರಂತೂ ದಿನಾ ಬೆಳಿಗ್ಗೆ ಬರ್ತಿದ್ರು. ಒಂದು ಸೀರೇನೂ ನೋಡ್ತಿರ್ಲಿಲ್ಲ. ಆ ದನಿ ಕೇಳಿದ ಕೂಡ್ಲೇ ಮುಚ್ಚಿ ಹೋಗಿಬಿಡ್ತಿದ್ರು."

ಕೊಟ್ರಪ್ಪನವರು ಫೋನಿನಲ್ಲಿ ಹೊಸ ಪುಟವನ್ನು ಮತ್ತೆ ಮತ್ತೆ ತೆರೆದರು. ಚೆಂದದ ಸೀರೆಗಳು ಸದ್ದಿಲ್ಲದೆ ಸರಿದುಹೋದವು.

"ಹಳೇದು ಎಲ್ಲಾದ್ರೂ ಇಟ್ಟಿದ್ದೀಯೇನವ್ವ?"

"ಇಲ್ಲ ಸರ್, ಪೂರ್ತಿ ಅಳಿಸಿಬಿಟ್ಟೆ. ಯಾಕೆ?"

ಅವರು ಫೋನನ್ನು ಬೋರಲಾಗಿಟ್ಟರು.

"ದಿನಾ ಬರ್ತಿದ್ದೋನು ನಾನೇ, ತಾಯಿ. ಹೆಂಡ್ತಿ ತೀರಿಕೊಂಡ ಮ್ಯಾಲೆ ಆಕಿ ದನಿ ಅಂತ ಉಳಿದಿದ್ದು ಅದೊಂದೇ."